ಹಳೇ ಬುಲೆಟ್ಟಿನ ನಡುಕ: ಕ್ರ್ಯಾಂಕ್ ಮುಟ್ಟೋಕೆ ಮುಂಚೆ ಏನೇನು ನೋಡಿದೆ

ಗಾಡಿ 1993ರ ಬುಲೆಟ್ 350. ಕ್ಯಾಸ್ಟ್ ಐರನ್ ಎಂಜಿನ್, ಗೇರು ಬಲಗಾಲಿಗೆ ಬ್ರೇಕು ಎಡಗಾಲಿಗೆ, ಕಿಡಿ ಬೀಳಿಸೋ ಸಿಬಿ ಪಾಯಿಂಟು, 4 ಗೇರಿನ ಆಲ್ಬಿಯನ್ ಗೇರ್‌ಬಾಕ್ಸು. ನಮ್ಮ ಮಾವ ತಗೊಂಡಿದ್ದು, ಚಿಕ್ಕಮಗಳೂರಲ್ಲಿ ತೋಟಕ್ಕೂ ಪೇಟೆಗೂ ಓಡಾಡಿಕೊಂಡೇ ಸವೆದಿರೋ ಗಾಡಿ, ಈಗ ನನ್ ಕೈಲಿದೆ. ತೊಂದರೆ ಏನು ಅಂದ್ರೆ 60ರ ಹತ್ರ ಬಂದ್ರೆ ಸಾಕು ಫುಟ್‌ರೆಸ್ಟು ಹ್ಯಾಂಡಲ್ಲು ಎರಡೂ ಜುಮ್ಮಂತ ಹಿಡ್ಕೊಳತ್ತೆ, ಅರ್ಧ ಗಂಟೆ ಓಡ್ಸಿದ್ರೆ ಬೆರಳು ಜೋಮು ಹಿಡಿಯತ್ತೆ, ಟ್ಯಾಂಕಿನ ಬೋಲ್ಟು ತಾನಾಗೇ ಸಡಿಲ ಆಗತ್ತೆ, ಹೆಡ್‌ಲೈಟ್ ಬಲ್ಬು ಪದೇ ಪದೇ ಹೋಗತ್ತೆ. ಅದಲ್ಲದೆ ಊರೊಳಗೆ 30ರಲ್ಲಿ ನಿಧಾನಕ್ಕೆ ಹೋಗ್ತಾ ಇದ್ರೆ ಹಿಂದಿಂದ ಯಾರೋ ತಳ್ಳಿ ಬಿಟ್ಟಂಗೆ ಆಗಾಗ ಒಂದು ಜಗ್ಗು. ತೋರಿಸಿದ ಎರಡು ಗ್ಯಾರೇಜಲ್ಲೂ ಒಂದೇ ಮಾತು, "ಕ್ರ್ಯಾಂಕ್ ಹೋಗಿದೆ ಸಾರ್, ಎಂಜಿನ್ ಇಳಿಸ್ಬೇಕು." ಕ್ರ್ಯಾಂಕ್ ಅಂದ್ರೆ ಪಿಸ್ಟನ್ನಿನ ಮೇಲೆ ಕೆಳಗಿನ ಓಟನ ಸುತ್ತಾಗಿ ಮಾಡೋ ಎಂಜಿನ್ನೊಳಗಿನ ಶಾಫ್ಟು. ಒಂದು ಅಳತೆನೂ ತಗೊಳ್ಲಿಲ್ಲ, ಒಂದು ರೌಂಡೂ ಓಡಿಸಿ ನೋಡ್ಲಿಲ್ಲ.

ಕ್ರ್ಯಾಂಕ್ ಹೋಗಿರಬಾರದು ಅಂತೇನಿಲ್ಲ, ಇಷ್ಟು ವರ್ಷದ ಗಾಡಿಲಿ ಹೋಗಿರಬಹುದು. ಆದ್ರೆ ಎಂಜಿನ್ ಇಳಿಸಿ ಕ್ರ್ಯಾಂಕಿನ ಭಾರದ ಚಕ್ರ, ಅಂದ್ರೆ ಫ್ಲೈವೀಲ್, ಬಿಚ್ಚಿಸಿ ಮತ್ತೆ ಪ್ರೆಸ್ ಮಾಡಿಸಿ ಓಲಾಟ ಇಲ್ದಂಗೆ ಟ್ರೂ ಮಾಡಿಸೋದು ಅಂದ್ರೆ ದುಡ್ಡಿನ ಮಾತು ಬಿಡಿ, ಒಳ್ಳೆ ಕೈ ಸಿಗದೆ ಇದ್ರೆ ಚೆನ್ನಾಗಿದ್ದ ಕ್ರ್ಯಾಂಕೇ ಹಾಳಾಗಿ ವಾಪಸ್ ಬರತ್ತೆ, ಅಂಥ ಗಾಡಿಗಳನ್ನ ನಾನು ನೋಡಿದೀನಿ. ಅದಕ್ಕೇ ನಾನು ಹೇಳೋದು ಇಷ್ಟೇ, ನಡುಕ ಅನ್ನೋದು ಒಂದೇ ರೋಗ ಅಲ್ಲ, ಹಳೇ ಗಾಡಿಲಿ ಎರಡು ಮೂರು ನಡುಕ ಒಂದರ ಮೇಲೊಂದು ಕೂತಿರ್ತವೆ. ಯಾವ್ದು ಎಂಜಿನ್ ಸುತ್ತಿನ ಜೊತೆ ಹೋಗತ್ತೆ, ಯಾವ್ದು ಚಕ್ರದ ಜೊತೆ ಹೋಗತ್ತೆ, ಯಾವ್ದು ಎಳೆಯೋವಾಗ ಮಾತ್ರ ಬರತ್ತೆ, ಇಷ್ಟನ್ನ ಬೇರೆ ಬೇರೆ ಮಾಡಿದ್ಮೇಲೇ ಸ್ಪ್ಯಾನರ್ ಕೈಗೆ ತಗೋಬೇಕು.

"ಬುಲೆಟ್ ಅಂದ್ಮೇಲೆ ನಡುಗ್ದೆ ಇರತ್ತಾ" ಅಂತಾರೆ ಎಲ್ರೂ. ಸರಿನೇ, ಸ್ವಲ್ಪ ನಡುಗತ್ತೆ. 70 ಮಿಮೀ ಬೋರ್, 90 ಮಿಮೀ ಸ್ಟ್ರೋಕು, 346 ಸಿಸಿ, ಒಂದೇ ಸಿಲಿಂಡರು, ನಡುಕ ತಗ್ಗಿಸೋ ಬ್ಯಾಲೆನ್ಸರ್ ಶಾಫ್ಟ್ ಅನ್ನೋದು ಈ ಎಂಜಿನ್ನಲ್ಲಿ ಇಲ್ಲವೇ ಇಲ್ಲ. ಮೇಲೆ ಕೆಳಗೆ ಹೋಗೋ ಪಿಸ್ಟನ್ ತೂಕದಲ್ಲಿ ಒಂದು ಪಾಲನ್ನ ಮಾತ್ರ ಫ್ಲೈವೀಲಲ್ಲಿ ಎದುರು ತೂಕ ಇಟ್ಟು ಸರಿದೂಗಿಸಿರ್ತಾರೆ, ಪೂರ್ತಿ ಸರಿದೂಗಿಸೋಕೆ ಹೋದ್ರೆ ಮೇಲೆ ಕೆಳಗಿನ ನಡುಕ ಹೋಗಿ ಅಷ್ಟೇ ನಡುಕ ಹಿಂದೆ ಮುಂದೆ ಬಂದು ಕೂರತ್ತೆ. ಉಳಿದ ಪಾಲು ಫ್ರೇಮಿಗೆ ಹೋಗ್ಲೇಬೇಕು. ಮತ್ತೆ ಈ ಬಲ ಎಂಜಿನ್ ಸುತ್ತಿನ ವರ್ಗಕ್ಕೆ ತಕ್ಕಂಗೆ ಏರತ್ತೆ, ಸುತ್ತು 10 ಶೇಕಡಾ ಜಾಸ್ತಿ ಆದ್ರೆ ನಡುಕದ ಬಲ 21 ಶೇಕಡಾ ಜಾಸ್ತಿ, ಅದಕ್ಕೇ 55ರಲ್ಲಿ ತಡ್ಕೊಳೋ ಹಂಗಿದ್ದಿದ್ದು 65ಕ್ಕೆ ಹೋಗೋಷ್ಟರಲ್ಲಿ ಬೇರೇನೇ ಆಗಿರತ್ತೆ. ಆದ್ರೆ ಮಾವ ಹೇಳೋದು, "ಮೊದ್ಲು ಹಿಂಗಿರ್ಲಿಲ್ಲ ಕಣಪ್ಪ, ಕಡೂರಿನ ತನಕ ಒಂದೇ ಸಮ ಹೋಗ್ತಿದ್ದೆ." ಗಾಡಿನ ಹೊಸದರಿಂದ ಓಡಿಸಿದವರ ಮಾತಿಗೆ ನಾನು ತುಂಬಾ ಬೆಲೆ ಕೊಡ್ತೀನಿ. ಹುಟ್ಟಿಂದ ಇರೋ ನಡುಕ ಬೇರೆ, ಆಮೇಲೆ ಬಂದು ಸೇರಿಕೊಂಡಿದ್ದು ಬೇರೆ.

ಮೊದಲನೇ ಪರೀಕ್ಷೆಗೆ ಒಂದು ಟೂಲೂ ಬೇಡ. ಈ ಗಾಡಿಗೆ ಆರ್‌ಪಿಎಂ ಮೀಟರ್ ಇಲ್ಲ, ಆದ್ರೆ ಗೇರ್ ರೇಷಿಯೋ ಗೊತ್ತಿದ್ರೆ ಸಾಕು. ಟಾಪ್ ನೇರ 1ಕ್ಕೆ 1, ಮೂರನೇದು 1.36, ಎರಡನೇದು 1.84. ಅಂದ್ರೆ ಟಾಪಲ್ಲಿ 60ರಲ್ಲಿ ಎಂಜಿನ್ ಎಷ್ಟು ಸುತ್ತುತ್ತಾ ಇರತ್ತೋ ಮೂರನೇ ಗೇರಲ್ಲಿ 44ಕ್ಕೇ ಅಷ್ಟು ಸುತ್ತತ್ತೆ, ಎರಡನೇದ್ರಲ್ಲಿ ಸುಮಾರು 33ಕ್ಕೆ. ನಡುಕ ಎಂಜಿನ್ದೇ ಆಗಿದ್ರೆ ಈ ಮೂರು ಸ್ಪೀಡಲ್ಲೂ ಅದೇ ತರ ಬರ್ಬೇಕು, ಚಕ್ರದ್ದೋ ಟೈರಿಂದೋ ಆಗಿದ್ರೆ ಯಾವ ಗೇರಲ್ಲಿದ್ರೂ 60ಕ್ಕೇ ಬರ್ಬೇಕು. ಸ್ಪೀಡೋಮೀಟರ್ ಮುಳ್ಳು ಕುಣಿಯೋದ್ರಿಂದ ಅದನ್ನ ನಂಬ್ಲಿಲ್ಲ, ಮೊಬೈಲ್ ಜಿಪಿಎಸ್ ಸ್ಪೀಡ್ ಇಟ್ಕೊಂಡೆ. ಬೆಳಗ್ಗೆ ಬೇಗ ಕಡೂರು ರಸ್ತೆಲಿ ಗಾಡಿ ಓಡಾಟ ಕಮ್ಮಿ ಇರೋವಾಗ ಹೋಗಿ ನೋಡಿದ್ರೆ ಕೈ ಜೋಮು ಹಿಡಿಸೋ ಆ ಜುಮ್ಮು ಮೂರನೇ ಗೇರಲ್ಲಿ 44ಕ್ಕೇ ಹಾಜರ್, ಎರಡನೇದ್ರಲ್ಲಿ 33ರ ಹತ್ರನೂ ಬಂತು. ಟಾಪಲ್ಲಿ 60ರಲ್ಲಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ರೆ ಗಾಡಿ ಅದೇ ಸ್ಪೀಡಲ್ಲಿದ್ರೂ ಜುಮ್ಮು ಮಾಯ. ಹಂಗಾದ್ರೆ ಇದು ಎಂಜಿನ್ ಸುತ್ತಿನ ನಡುಕ, ಚಕ್ರದ್ದಲ್ಲ.

30ರ ಜಗ್ಗು ಮಾತ್ರ ಬೇರೆ ತರ. ಮೂರನೇ ಗೇರಾದ್ರೂ ಟಾಪ್ ಆದ್ರೂ ಅದೇ ಲಯ, ಎರಡು ಸೆಕೆಂಡಿಗೆ ಮೂರು ಸಲ ಬರತ್ತೆ, ಕ್ಲಚ್ ಹಿಡಿದ್ರೆ ನಿಲ್ಲತ್ತೆ, ಜೋರಾಗಿ ಎಳೆದ್ರೂ ಗೊತ್ತಾಗಲ್ಲ, ಹಗುರ ಥ್ರಾಟಲ್ಲಲ್ಲಿ ಮಾತ್ರ. ಇಲ್ಲಿ ಸ್ವಲ್ಪ ಲೆಕ್ಕ ಹಾಕ್ಬೇಕು. 3.25-19 ಟೈರ್ ಒಂದು ಸುತ್ತಿಗೆ ಸುಮಾರು 2.04 ಮೀಟರ್ ಹೋಗತ್ತೆ. 30ರಲ್ಲಿ ಸೆಕೆಂಡಿಗೆ 8.3 ಮೀಟರ್, ಅಂದ್ರೆ ಚಕ್ರ ಸೆಕೆಂಡಿಗೆ 4 ಸುತ್ತು. ಜಗ್ಗು ಬರ್ತಿರೋದು ಸೆಕೆಂಡಿಗೆ ಒಂದೂವರೆ ಸಲ, ಹಂಗಾಗಿ ಅದು ಚಕ್ರದ ಸುತ್ತಿಗೆ ಹೊಂದಲ್ಲ. ಈ ಗಾಡಿಯ ಹಿಂದಿನ ಚೈನಿಗೆ 100 ಲಿಂಕು, ಹಿಂದಿನ ಸ್ಪ್ರಾಕೆಟ್ಟಿಗೆ 38 ಹಲ್ಲು, ಎರಡೂ ಎಣಿಸಿಯೇ ಬರೀತಿರೋದು. 100ನ್ನ 38ರಿಂದ ಭಾಗಿಸಿದ್ರೆ 2.63, ಅಂದ್ರೆ ಚಕ್ರ 2.63 ಸುತ್ತು ಹಾಕಿದಾಗ ಚೈನ್ ಒಂದು ಪೂರ್ತಿ ಸುತ್ತು ಬಂದಿರತ್ತೆ, ರಸ್ತೆ ಮೇಲೆ ಅದು ಸುಮಾರು 5.4 ಮೀಟರ್. 8.3ನ್ನ 5.4ರಿಂದ ಭಾಗಿಸಿ ನೋಡಿ, ಹೆಚ್ಚುಕಮ್ಮಿ ಒಂದೂವರೆ ಬರತ್ತೆ. ಚೈನಲ್ಲಿ ಎಲ್ಲೋ ಒಂದು ಕಡೆ ಬಿಗಿ ಇದೆ ಅಂತ ಗಾಡಿ ತಾನೇ ಹೇಳ್ತಾ ಇತ್ತು! ನಂಗಂತೂ ಇದು ತುಂಬಾ ಖುಷಿ ಕೊಟ್ಟ ಲೆಕ್ಕ.

ಫೋನಲ್ಲೂ ಒಂದ್ಸಲ ನೋಡಿದೆ. ಜರ್ಮನಿಯ ಆಖೆನ್ ಯೂನಿವರ್ಸಿಟಿಯವರು ಮಾಡಿರೋ ಫೈಫಾಕ್ಸ್ ಅಂತ ಒಂದು ಫ್ರೀ ಆಪ್ ಇದೆ, ಫೋನೊಳಗಿನ ಆಕ್ಸಿಲರೋಮೀಟರಿಂದ ನಡುಕ ಸೆಕೆಂಡಿಗೆ ಎಷ್ಟು ಸಲ ಅಂತ ಗೆರೆ ಹಾಕಿ ತೋರ್ಸತ್ತೆ. ಹಳೇ ಫೋನೇ ತಗೊಳ್ಳಿ, ಬೈಕ್ ಎಂಜಿನ್ ನಡುಕದಿಂದ ಕ್ಯಾಮೆರಾ ಒಳಗಿನ ಸ್ಟೆಬಿಲೈಸೇಷನ್ ಹಾಳಾಗಬಹುದು ಅಂತ ಆಪಲ್‌ನವರೇ 2021ರಲ್ಲಿ ಎಚ್ಚರಿಕೆ ಕೊಟ್ಟಿದಾರೆ. ಟ್ಯಾಂಕ್ ಮೇಲೆ ಬಟ್ಟೆಲಿ ಬಿಗಿಯಾಗಿ ಕಟ್ಟಿ 60ರಲ್ಲಿ ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿದೆ. ದೊಡ್ಡ ಗೆರೆ ನಿಂತಿದ್ದು 43-44 ಹರ್ಟ್ಸ್ ಹತ್ರ. ನನ್ ಗಾಡಿಲಿ ಎಂಜಿನ್ ಸ್ಪ್ರಾಕೆಟ್ 25, ಕ್ಲಚ್ 56, ಗೇರ್‌ಬಾಕ್ಸ್ ಸ್ಪ್ರಾಕೆಟ್ 16, ಹಿಂದೆ 38, ಆ ಲೆಕ್ಕದಲ್ಲಿ 60ಕ್ಕೆ ಕ್ರ್ಯಾಂಕ್ ಸೆಕೆಂಡಿಗೆ ಸುಮಾರು 43 ಸುತ್ತು, ಅಂದ್ರೆ 2600 ಆರ್‌ಪಿಎಂ. ಕೈಗೆ ಗೊತ್ತಾಗಿದ್ದೂ ಫೋನ್ ತೋರಿಸಿದ್ದೂ ಒಂದೇ.

ಕೆಲಸ ಚೈನಿಂದ ಶುರು ಮಾಡಿದೆ, ಯಾಕಂದ್ರೆ ಅಲ್ಲಿ ಅನುಮಾನಕ್ಕೆ ಜಾಗನೇ ಇರ್ಲಿಲ್ಲ. ಎಂಜಿನ್ ಆಫ್ ಮಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್ಲಲ್ಲಿ ಹಿಂದಿನ ಚಕ್ರ ಕೈಲಿ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಚೈನ್ ನಡುವಿನ ಸಡಿಲ ಅಳೀತಾ ಹೋದ್ರೆ ಒಂದು ಕಡೆ 15 ಮಿಮೀ, ಇನ್ನೊಂದು ಕಡೆ 40. ಮುಂಚೆ ಯಾರೋ ಸಡಿಲ ಇದ್ದ ಕಡೆ ನೋಡಿ ಅಡ್ಜಸ್ಟ್ ಮಾಡಿ ಬಿಟ್ಟಿದಾರೆ, ಬಿಗಿ ಜಾಗ ಬಂದಾಗಲೆಲ್ಲ ಗೇರ್‌ಬಾಕ್ಸ್ ಬೇರಿಂಗನ್ನೇ ಹಿಂದಕ್ಕೆ ಎಳೀತಾ ಇತ್ತು. ಚೈನ್ ಬಿಚ್ಚಿ ಸೀಮೆಎಣ್ಣೆಲಿ ತೊಳೆದು ನೆಲದ ಮೇಲೆ ಎಳೆದು ಮಲಗಿಸಿ 20 ಲಿಂಕ್ ಅಳತೆ ತಗೊಂಡೆ. 5/8 ಇಂಚಿನ ಪಿಚ್ ಆದ್ರಿಂದ ಹೊಸ ಚೈನಲ್ಲಿ 317.5 ಮಿಮೀ ಇರ್ಬೇಕು, 2 ಶೇಕಡಾ ಉದ್ದ ಆದ್ರೆ, ಅಂದ್ರೆ 324ರ ಹತ್ರ ಬಂದ್ರೆ ಬಿಸಾಕ್ಬೇಕು. ನಂದು ಒಂದು ಕಡೆ 321, ಇನ್ನೊಂದು ಕಡೆ 326. ಚೈನ್ ಎಲ್ಲಾ ಕಡೆ ಒಂದೇ ಸಮ ಉದ್ದ ಆದ್ರೆ ಅಷ್ಟು ತೊಂದರೆ ಕೊಡಲ್ಲ, ಹಿಂಗೆ ಏರುಪೇರಾಗಿ ಆದಾಗ್ಲೇ ಈ ಜಗ್ಗು ಬರೋದು.

ಚೈನ್ ಒಂದನ್ನೇ ಹೊಸದು ಹಾಕಿದ್ರೆ ಸವೆದ ಹಲ್ಲು ಹೊಸ ಚೈನನ್ನ ಬೇಗ ತಿಂದುಬಿಡತ್ತೆ. ಈ ಬುಲೆಟ್ಟಲ್ಲಿ ಹಿಂದಿನ ಸ್ಪ್ರಾಕೆಟ್ಟೂ ಬ್ರೇಕ್ ಡ್ರಮ್ಮೂ ಒಂದೇ ಎರಕ, ಹಲ್ಲು ಹೋದ್ರೆ ಡ್ರಮ್ಮೇ ಬದಲಾಯಿಸ್ಬೇಕು. ಡ್ರಮ್ ಬಿಚ್ಚಿದಾಗ ಹಬ್ಬೊಳಗಿನ ಡ್ರಮ್ ರಬ್ಬರ್ ನೋಡದೆ ಮುಚ್ಚಬೇಡಿ. ಗಾಡಿ ಗೇರಲ್ಲಿಟ್ಟು ಚಕ್ರನ ಹಿಂದೆ ಮುಂದೆ ಅಲ್ಲಾಡಿಸಿದಾಗ ಚೈನ್ ಕದಲೋಕೆ ಮುಂಚೆನೇ ಚಕ್ರ ಒಂದಷ್ಟು ಖಾಲಿ ತಿರುಗಿ ಟಕ್ ಅಂದ್ರೆ ರಬ್ಬರ್ ಮುಗಿದಿದೆ ಅಂತ. ನಂದ್ರಲ್ಲಿ ಕಲ್ಲಿನಂಗೆ ಗಟ್ಟಿಯಾಗಿ ಅಂಚೆಲ್ಲ ಉದುರಿ ಹೋಗಿತ್ತು. ಎಂಜಿನ್ ಒಂದೊಂದು ಸಲ ಉರಿದಾಗ ಬರೋ ಏಟನ್ನ ನುಂಗಬೇಕಾದ್ದೇ ಈ ರಬ್ಬರು, ಅದು ಗಟ್ಟಿಯಾದ್ರೆ ಏಟೆಲ್ಲ ನೇರ ಚೈನಿಗೆ ಗೇರ್‌ಬಾಕ್ಸಿಗೆ ಹೋಗತ್ತೆ. ದುಡ್ಡು ಕಮ್ಮಿ, ಸಿಗೋ ಲಾಭ ಬಹಳ, ಆದ್ರೂ ಯಾಕೋ ಜನ ಇದನ್ನ ಬದಲಾಯಿಸೋದೇ ಇಲ್ಲ.

ಗೇರ್‌ಬಾಕ್ಸ್ ಸ್ಪ್ರಾಕೆಟ್ ಇರೋದು ಕ್ಲಚ್ಚಿನ ಹಿಂದೆ, ಅದನ್ನ ಬದಲಾಯಿಸೋಕೆ ಪ್ರೈಮರಿ, ಅಂದ್ರೆ ಎಂಜಿನ್ನಿಂದ ಕ್ಲಚ್ಚಿಗೆ ಹೋಗೋ ಚೈನಿನ ಭಾಗ, ಪೂರ್ತಿ ಬಿಚ್ಚಲೇಬೇಕು. ಎಡಗಡೆ ಫುಟ್‌ರೆಸ್ಟ್ ತೆಗೆದು, ಬ್ರೇಕ್ ಪೆಡಲ್ ದಾರಿ ಬಿಡಿಸಿ, ಕವರ್ ನಡುವಿನ ಒಂದೇ ಒಂದು ದೊಡ್ಡ ನಟ್ಟು ಬಿಚ್ಚಿದ್ರೆ ಕವರ್ ಕೈಗೆ ಬರತ್ತೆ, ಕೆಳಗೆ ಅಗಲ ತಟ್ಟೆ ಇಟ್ಕೊಳ್ಳಿ ಆಯಿಲ್ ಸುರಿಯತ್ತೆ. ಒಳಗೆ ಡಬಲ್ ಚೈನು, ಜಾಯಿಂಟ್ ಇಲ್ಲದ್ದು, ಹಂಗಾಗಿ ಕ್ರ್ಯಾಂಕ್ ತುದಿಲಿರೋ ಕರೆಂಟ್ ಮಾಡೋ ಅಯಸ್ಕಾಂತ, ಅಂದ್ರೆ ರೋಟರ್, ತೆಗೆದ್ಮೇಲೆ ಎಂಜಿನ್ ಸ್ಪ್ರಾಕೆಟ್ಟೂ ಕ್ಲಚ್ಚೂ ಒಟ್ಟಿಗೇ ಎಳ್ಕೊಬೇಕು.

ಪ್ರೈಮರಿ ತೆರೆದಿದ್ದು ಒಳ್ಳೇದೇ ಆಯ್ತು, ಕ್ರ್ಯಾಂಕ್ ವಿಚಾರನೂ ಇಲ್ಲೇ ತೀರ್ಮಾನ ಆಗ್ಬೇಕಿತ್ತು. ಮೊದ್ಲು ಕ್ರ್ಯಾಂಕ್ ತುದಿ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿದೆ, ಮೇನ್ ಬೇರಿಂಗಲ್ಲಿ ಕೈಗೆ ಗೊತ್ತಾಗೋ ಸಡಿಲ ಇಲ್ಲ. ಸ್ಟ್ಯಾಂಡಿಗೆ ಕಚ್ಚಿಸಿದ ಡಯಲ್ ಗೇಜ್ ಶಾಫ್ಟ್ ಮೇಲೆ ಇಟ್ಟು ನಿಧಾನಕ್ಕೆ ಒಂದು ಸುತ್ತು ತಿರುಗಿಸಿದ್ರೆ ಮುಳ್ಳು ಅಲ್ಲಾಡಿದ್ದು 0.04 ಮಿಮೀ, ಈ ಎಂಜಿನ್ನಿಗೆ ಅದು ಚಿಂತೆ ಮಾಡೋ ಅಳತೆ ಅಲ್ಲ. ಆಮೇಲೆ ಪಿಸ್ಟನ್ನನ್ನ ಸ್ಟ್ರೋಕಿನ ಮಧ್ಯಕ್ಕೆ ತಂದು ಶಾಫ್ಟನ್ನ ಆ ಕಡೆ ಈ ಕಡೆ ಕದಲಿಸಿ, ಪ್ಲಗ್ ತೂತಿಂದ ಪಿಸ್ಟನ್ ಮೇಲೆ ಇಟ್ಟ ಕಡ್ಡಿ ತಕ್ಷಣ ಅಲ್ಲಾಡತ್ತಾ ಅಥವಾ ಒಂದು ಖಾಲಿ ಜಾಗ ದಾಟಿ ಅಲ್ಲಾಡತ್ತಾ ನೋಡಿದೆ, ತಕ್ಷಣವೇ ಅಲ್ಲಾಡ್ತು, ಅಂದ್ರೆ ಬಿಗ್ ಎಂಡಲ್ಲಿ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರೋ ಕಡೆ) ಹೇಳಿಕೊಳ್ಳೋ ಸವೆತ ಇಲ್ಲ. ರೋಟರ್ ಬಿಚ್ಚೋ ಮುಂಚೆನೇ ಅದಕ್ಕೂ ಅದರ ಕಾಯಿಲ್ ಇರೋ ಸ್ಟೇಟರಿಗೂ ನಡುವೆ ಸುತ್ತ ಫೀಲರ್ ಗೇಜ್ ಹಾಕಿ ನೋಡಿದ್ದೆ, 0.2 ಮಿಮೀ ಎಲೆ ಎಲ್ಲಾ ಕಡೆ ಸಲೀಸಾಗಿ ಹೋಗಿತ್ತು, ಎಲ್ಲೂ ಉಜ್ಜಿದ ಗುರುತಿಲ್ಲ. ಕ್ರ್ಯಾಂಕ್ ಚೆನ್ನಾಗಿದೆ! ಎರಡು ಗ್ಯಾರೇಜಿನವರೂ ಹೇಳಿದ ಎಂಜಿನ್ ಇಳಿಸೋ ಕೆಲಸ ಅಲ್ಲಿಗೆ ಪಟ್ಟಿಯಿಂದ ಹೊರಗೆ.

ಮುಚ್ಚೋವಾಗ ಪ್ರೈಮರಿ ಚೈನ್ ಬಿಗಿ. ಬುಲೆಟ್ಟಲ್ಲಿ ಗೇರ್‌ಬಾಕ್ಸ್ ಕ್ರ್ಯಾಂಕ್‌ಕೇಸಿನ ಬೆನ್ನಿಗೇ ಬೋಲ್ಟ್ ಆಗಿರೋದ್ರಿಂದ ಅದನ್ನ ಹಿಂದಕ್ಕೆ ಸರಿಸಿ ಬಿಗಿ ಮಾಡೋ ಮಾತೇ ಇಲ್ಲ, ಚೈನ್ ಕೆಳಗಿರೋ ಸ್ಲಿಪ್ಪರ್ ಪ್ಯಾಡ್ ಎತ್ತಿ ಬಿಗಿ ಮಾಡ್ಬೇಕು. ಸುತ್ತಿಸಿ ಅತಿ ಬಿಗಿ ಇರೋ ಜಾಗ ಹುಡುಕಿ ಅಲ್ಲಿ ಕಾಲಿಂಚು, ಅಂದ್ರೆ 6 ಮಿಮೀ ಆಟ ಬಿಟ್ಟೆ. ಹಿಂದಿನ ಚೈನಿಗೂ ಅದೇ ನಿಯಮ, ಬಿಗಿ ಜಾಗದಲ್ಲಿ 25-30 ಮಿಮೀ. ಚಕ್ರ ನೇರ ಕೂರಿಸೋಕೆ, ಚಕ್ರನ ಹಿಂದಕ್ಕೆ ಸರಿಸೋ ಸ್ನೇಲ್ ಕ್ಯಾಮಿನ ಗುರುತನ್ನ ಮಾತ್ರ ನಂಬಬೇಡಿ, ಹಳೇದಾದ್ಮೇಲೆ ಎಡ ಬಲ ಒಂದೇ ನಾಚ್ ಇದ್ರೂ ಚಕ್ರ ಸೊಟ್ಟ ಇರತ್ತೆ. ಮುಂದೆ ಹಿಂದೆ ಎರಡೂ ಒಂದೇ ಅಗಲದ ಟೈರ್ ಆದ್ರಿಂದ ಉದ್ದ ದಾರ ಎಳೆದು ಎರಡು ಟೈರಿನ ನಾಲ್ಕೂ ಅಂಚಿಗೆ ದಾರ ತಾಗತ್ತಾ ನೋಡಿದ್ರೆ ಆಯ್ತು.

ಇಷ್ಟು ಮಾಡಿ ಓಡ್ಸಿದ್ರೆ 30ರ ಜಗ್ಗು ಪೂರ್ತಿ ಹೋಯ್ತು. 60ರ ಜುಮ್ಮು ಹಂಗೇ ಇದೆ, ಒಂಚೂರೂ ಕಮ್ಮಿ ಆಗಿಲ್ಲ. ಅದೇ ನಂಗೆ ಬೇಕಾಗಿದ್ದ ಸಾಕ್ಷಿ, ಎರಡೂ ಬೇರೆ ಬೇರೆ. ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವ್ದರಿಂದ ಯಾವ್ದು ಹೋಯ್ತು ಅಂತ ಯಾವತ್ತೂ ಗೊತ್ತಾಗಲ್ಲ, ಅದಕ್ಕೆ ಒಂದೊಂದೇ ಮಾಡಿ ಅದೇ ರಸ್ತೆಲಿ ಅದೇ ಗಾಳಿ ಪ್ರೆಶರಲ್ಲಿ ಓಡಿಸಿ ನೋಡೋದು.

ಇನ್ನು ಎಂಜಿನ್ ಕಡೆ. ವಾಲ್ವಿನ ಟ್ಯಾಪೆಟ್ ಸಡಿಲ ನೋಡಿದೆ, ತಣ್ಣಗಿದ್ದಾಗ ಪುಶ್ ರಾಡ್ ಬೆರಳಲ್ಲಿ ತಿರುಗಬೇಕು, ಮೇಲೆ ಕೆಳಗೆ ಆಟ ಇರಬಾರ್ದು, ಸರಿ ಇತ್ತು. ಸಿಬಿ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಮೀ ಒಳಗೆ. ಟೈಮಿಂಗು ಪಿಸ್ಟನ್ ತುದಿ ಮುಟ್ಟೋಕೆ 0.8 ಮಿಮೀ ಮುಂಚೆ ಪಾಯಿಂಟ್ ಬಿಡ್ಬೇಕು, ನಡುವೆ ತೆಳು ಕಾಗದ ಸಿಕ್ಕಿಸಿ ಎಳೀತಾ ಇದ್ರೆ ಅದು ಸಡಿಲ ಆಗೋ ಕ್ಷಣ ಗೊತ್ತಾಗತ್ತೆ. ಆದ್ರೆ ಈ ಅಳತೆ, ಸುತ್ತು ಏರಿದಂಗೆ ಕಿಡಿನ ಮುಂಚೆ ಬೀಳಿಸೋ ಆಟೋ ಅಡ್ವಾನ್ಸ್ ಪೂರ್ತಿ ಹಿಂದಕ್ಕೆ ಇದ್ದಾಗ್ಲೇ ಸರಿ, ಇಲ್ಲಿ ಎಡವಟ್ಟಿತ್ತು. ಪಾಯಿಂಟ್ ಪ್ಲೇಟ್ ತೆಗೆದು ಕ್ಯಾಮನ್ನ ಬೆರಳಲ್ಲಿ ತಿರುಗಿಸಿ ಬಿಟ್ರೆ ಟಪ್ ಅಂತ ವಾಪಸ್ ಬರ್ಬೇಕು, ಇದು ಅರ್ಧದಲ್ಲೇ ನಿಂತುಬಿಡ್ತಿತ್ತು. ಎರಡು ಸ್ಪ್ರಿಂಗಲ್ಲಿ ಒಂದರ ಕೊಕ್ಕೆ ಎಳೆದು ಉದ್ದ ಆಗಿತ್ತು, ಒಳಗೆ ಹಳೇ ಗ್ರೀಸು ಗೋಂದಾಗಿತ್ತು. ಅಂದ್ರೆ ಕಿಡಿ ಬೇಕಾದ್ದಕ್ಕಿಂತ ಮುಂಚೆನೇ ಬೀಳ್ತಾ ಇತ್ತು, ಪಿಸ್ಟನ್ ಇನ್ನೂ ಮೇಲೆ ಬರ್ತಿರೋವಾಗ್ಲೇ ಒತ್ತಡ ಏರಿ ತಲೆ ಮೇಲೆ ಹೊಡೆದಂಗೆ ಆಗತ್ತೆ. ತೊಳೆದು ಎರಡೂ ಹೊಸ ಸ್ಪ್ರಿಂಗ್ ಹಾಕಿ ಟೈಮಿಂಗ್ ಮತ್ತೆ ಕೂರಿಸಿದೆ. ಏರಿನಲ್ಲಿ ಎಳೆಯೋವಾಗ ಇದ್ದ ಒರಟು ಹೋಯ್ತು, ಐಡ್ಲಿಂಗ್ ಕಿವಿಗೆ ಹಿತ ಆಯ್ತು, ಜುಮ್ಮು ಮಾತ್ರ ಸ್ವಲ್ಪ ಕಮ್ಮಿ ಆಯ್ತೇ ಹೊರತು ಹೋಗ್ಲಿಲ್ಲ.

ಉಳಿದಿದ್ದು ಎಂಜಿನ್ ಫ್ರೇಮಿಗೆ ಹಿಡ್ಕೊಂಡಿರೋ ಜಾಗಗಳು, ನಿಜವಾದ ವಿಷಯ ಇದ್ದಿದ್ದು ಅಲ್ಲೇ. ಬುಲೆಟ್ಟಲ್ಲಿ ಎಂಜಿನ್ ಮೌಂಟಿಂಗಿಗೆ ರಬ್ಬರ್ ಇಲ್ಲ, ಕಬ್ಬಿಣಕ್ಕೆ ಕಬ್ಬಿಣ, ಎಂಜಿನ್ನೇ ಫ್ರೇಮಿನ ಒಂದು ಭಾಗ. ನಟ್ಟು ಬಿಗಿ ಇದೆಯಾ ಅಂತ ಸ್ಪ್ಯಾನರ್ ಹಾಕಿ ನೋಡೋದಷ್ಟೇ ಸಾಲದು. ಎಂಜಿನ್ ಪ್ಲೇಟು ಫ್ರೇಮಿಗೆ ಸೇರೋ ಕಡೆ ಒಂದು ಹನಿ ಆಯಿಲ್ ಹಚ್ಚಿ ಐಡ್ಲಿಂಗಲ್ಲಿ ಬಿಟ್ಟು ಟಾರ್ಚ್ ಹಾಕಿ ನೋಡಿ, ಜಾಯಿಂಟ್ ಆಡ್ತಾ ಇದ್ರೆ ಆಯಿಲ್ ಸಣ್ಣಗೆ ಗುಳ್ಳೆ ಬರತ್ತೆ. ನಟ್ಟಿನ ಸುತ್ತ ಕೆಂಪು ಪುಡಿ ಇದ್ರೆ ಅದೂ ಅದೇ, ಎರಡು ಕಬ್ಬಿಣ ಒಂದಕ್ಕೊಂದು ಉಜ್ಜಿ ಬಂದ ತುಕ್ಕಿನ ಪುಡಿ ಅದು. ನಂಗೆ ಹಿಂದಿನ ಎಂಜಿನ್ ಪ್ಲೇಟಿನ ಒಂದು ಸ್ಟಡ್ಡಿನ ಹತ್ರ ಪುಡಿ ಸಿಕ್ತು, ತೆಗೆದು ನೋಡಿದ್ರೆ ಸ್ಟಡ್ಡು ನಡುವೆ ಸವೆದು ಸೊಂಟ ಬಂದಿದೆ.

ಆಮೇಲೆ ಟ್ಯಾಂಕ್ ಎತ್ತಿದೆ. ಸಿಲಿಂಡರ್ ಹೆಡ್ಡಿಂದ ಫ್ರೇಮಿಗೆ ಹಿಡಿಯೋ ಪಟ್ಟಿ ಇರತ್ತಲ್ಲ, ಹೆಡ್ ಸ್ಟೆಡಿ ಅಂತಾರೆ, ಅದು ಕಂಪನಿದಲ್ಲ, ಯಾವಾಗ್ಲೋ ಯಾರೋ ತೆಳು ಪಟ್ಟಿ ಕತ್ತರಿಸಿ ಹಾಕಿದ್ದು. ತೂತು ಎರಡೂ ಮೊಟ್ಟೆ ಆಕಾರ ಆಗಿತ್ತು. ನಟ್ಟು ಮಾತ್ರ ಕಲ್ಲಿನ ಹಾಗೆ ಬಿಗಿ! ಯಾಕಂದ್ರೆ ಬೋಲ್ಟಿನ ಥ್ರೆಡ್ ಅಲ್ಲಿಗೇ ಮುಗಿದಿತ್ತು, ನಟ್ಟು ಥ್ರೆಡ್ ಕೊನೆಗೆ ಬಂದು ಕಚ್ಚಿ ನಿಂತಿತ್ತೇ ಹೊರತು ಪಟ್ಟಿನ ಒತ್ತಿ ಹಿಡಿದೇ ಇರ್ಲಿಲ್ಲ. ಸ್ಪ್ಯಾನರ್ ಹಾಕಿದ ಯಾರಿಗಾದ್ರೂ ಅದು ಬಿಗಿ ಅಂತಲೇ ಅನ್ಸತ್ತೆ. ಎತ್ತರದ ಎಂಜಿನ್ನು, ಕೆಳಗೆ ಹಿಡಿದಿದೆ, ಮೇಲೆ ಬಿಟ್ಟಿದೆ, ಇನ್ನೇನಾಗತ್ತೆ, ಪ್ರತಿ ಸುತ್ತಿಗೂ ತಲೆ ಹಿಂದೆ ಮುಂದೆ ಆಡಿ ಅದೆಲ್ಲ ಹ್ಯಾಂಡಲ್ಲಿಗೆ ಹೋಗತ್ತೆ.

ಲೇತ್ ಅಂಗಡಿ ಅಣ್ಣನ ಹತ್ರ 5 ಮಿಮೀ ದಪ್ಪದ ಪಟ್ಟಿಲಿ ಹೊಸದು ಮಾಡಿಸಿದೆ, ತೂತು ಬೋಲ್ಟಿಗೆ ಬಿಗಿಯಾಗಿ ಕೂರೋ ಹಂಗೆ. ಹಾಕೋ ಕ್ರಮಾನೂ ಮುಖ್ಯ. ಎಲ್ಲಾ ಮೌಂಟಿಂಗ್ ನಟ್ಟು ಅರ್ಧ ಸಡಿಲ ಮಾಡಿ, ಸೈಲೆನ್ಸರ್ ಕ್ಲಾಂಪೂ ಬಿಟ್ಟು, ಎಂಜಿನ್ ತಾನಾಗೇ ಕೂತ್ಕೊಳೋಕೆ ಬಿಟ್ಟು, ಕೆಳಗಿಂದ ಶುರು ಮಾಡಿ ಬಿಗಿ ಮಾಡ್ತಾ ಬರ್ಬೇಕು, ಹೆಡ್ ಪಟ್ಟಿ ಕೊನೆಗೆ. ಪಟ್ಟಿಗೂ ಫ್ರೇಮಿಗೂ ನಡುವೆ ಸಂದು ಇದ್ರೆ ನಟ್ಟಿಂದ ಎಳೆದು ಸೇರಿಸಬಾರ್ದು, ವಾಷರ್ ಹಾಕಿ ಸಂದು ತುಂಬಬೇಕು, ಎಳೆದು ಕಟ್ಟಿದ್ರೆ ಪಟ್ಟಿನೋ ಫ್ರೇಮಿನ ವೆಲ್ಡಿಂಗೋ ಯಾವುದಾದ್ರೂ ಒಂದು ಬಿರುಕು ಬಿಡತ್ತೆ. ಸೈಲೆನ್ಸರ್ ಎಲ್ಲಕ್ಕಿಂತ ಆಮೇಲೆ.

ಮತ್ತೆ ಅದೇ ಕಡೂರು ರಸ್ತೆ. 60ರಲ್ಲಿ ಹ್ಯಾಂಡಲ್ಲು ಶಾಂತ. ಜುಮ್ಮು ಇದೆ, ಇಲ್ಲ ಅಂತಲ್ಲ, ಅದು ಈಗ 70 ದಾಟಿದ್ಮೇಲೆ ಫುಟ್‌ರೆಸ್ಟಲ್ಲಿ ಶುರು ಆಗತ್ತೆ, ಆ ಸ್ಪೀಡಲ್ಲಿ ಈ ಗಾಡಿನ ನಾನು ಜಾಸ್ತಿ ಹೊತ್ತು ಇಡಲ್ಲ. ಫೋನ್ ಕಟ್ಟಿ ನೋಡಿದ್ರೆ 43ರ ಗೆರೆ ಅದೇ ಜಾಗದಲ್ಲಿದೆ, ಎತ್ತರ ಅರ್ಧಕ್ಕಿಂತ ಕಮ್ಮಿ. ಮಾವನ್ನೂ ಒಂದು ರೌಂಡ್ ಓಡ್ಸೋಕೆ ಹೇಳಿದೆ, ಇಳಿದವರೇ "ಹಾಂ, ಇದು ನಮ್ಮ ಗಾಡಿ" ಅಂದ್ರು.

ಹೊಸ ಪಟ್ಟಿ ಹೊಸ ಸ್ಟಡ್ಡು ಕೂತ್ಕೊಳೋಕೆ ಸ್ವಲ್ಪ ಟೈಮ್ ತಗೊಳತ್ತೆ. 200 ಕಿಮೀ ಆದ್ಮೇಲೆ ಎಲ್ಲಾ ಮೌಂಟಿಂಗ್ ಇನ್ನೊಂದ್ಸಲ ಬಿಗಿ ಮಾಡಿದೆ, ಹೆಡ್ ಪಟ್ಟಿ ನಟ್ಟು ಕಾಲು ಸುತ್ತು ತಗೊಳ್ತು, ಹೊಸ ಚೈನೂ ಸ್ವಲ್ಪ ಎಳೆದಿತ್ತು, ಸ್ನೇಲ್ ಕ್ಯಾಮ್ ಒಂದು ನಾಚ್ ಮುಂದೆ ಹೋಯ್ತು. ಹಿಂದಿನ ರಿಮ್ಮಲ್ಲಿ 2 ಮಿಮೀ ಓಲಾಟ ಇದೆ, ಎಂಜಿನ್ ಆಫ್ ಮಾಡಿ ಇಳಿಜಾರಲ್ಲಿ ಬಿಟ್ರೆ ಮಾತ್ರ ಸೀಟಲ್ಲಿ ಗೊತ್ತಾಗತ್ತೆ. ಸ್ಪೋಕ್ ಕಟ್ಟೋರ ಹತ್ರ ಚಕ್ರ ಬಿಚ್ಚಿ ಕೊಟ್ಟು ಬಂದಿದೀನಿ.